ಒಂಬತ್ತನೆಯ ಕಂತಿನ ಸಂಭಾಷಣೆ

ಆ ಸಾಲನ್ನು ನಾನು ಮೊದಲ ಸಲ ಅಳಿಸಿದ್ದು ಮಧ್ಯಾಹ್ನದ ಬಿಡುವಿನಲ್ಲಿ, ಎಡಗೈಯಲ್ಲಿ ಮಿರ್ಚಿ ಬಜ್ಜಿ ಹಿಡಿದುಕೊಂಡು. ‘ಈ ಕಂತಿನ ಸಂಭಾಷಣೆ ಬರೆದವರು ಸಿರುಗುಪ್ಪದ ದರ್ಜಿ’ ಎಂದು ಶುರುವಾಗಿ ಅದು ಒಂದು ಹೆಸರಿನಲ್ಲಿ ಮುಗಿಯುತ್ತಿತ್ತು. ಯಾವ ಪತ್ರಿಕೆ, ಯಾವ ಪುಸ್ತಕ, ಏನೂ ಇರಲಿಲ್ಲ. ಯಾರೋ ಎರಡು ದಿನದ ಹಿಂದೆ ಸೇರಿಸಿದ್ದರು. ಅಳಿಸಿದೆ. ಕಾರಣ ಕೇಳುವ ಜಾಗದಲ್ಲಿ ‘ಆಧಾರವಿಲ್ಲ’ ಎಂದು ಹಾಕಿದೆ. ಮಿರ್ಚಿ ಆರುವುದರೊಳಗೆ ಕೆಲಸ ಮುಗಿದಿತ್ತು.

ನಾನು ಬಳ್ಳಾರಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿದ್ದೇನೆ. ಬಿಡುವಾದಾಗ, ಯಾರು ಬೇಕಾದರೂ ಬರೆಯಬಹುದಾದ ಆನ್‌ಲೈನ್ ವಿಶ್ವಕೋಶವೊಂದಕ್ಕೆ ಕನ್ನಡದಲ್ಲಿ ಲೇಖನ ಬರೆಯುತ್ತೇನೆ, ಉಳಿದವರು ಬರೆದದ್ದನ್ನು ತಿದ್ದುತ್ತೇನೆ. ಇದಕ್ಕೆ ಸಂಬಳವಿಲ್ಲ, ಬೈಗುಳವುಂಟು. ಟಿವಿ ಧಾರಾವಾಹಿಗಳ ಬಿಡಿ ಕಂತುಗಳ ಪುಟಗಳನ್ನು ನೋಡಿಕೊಳ್ಳುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡಿದ್ದೆ.

ಕಂತುಗಳ ವಿಷಯದಲ್ಲಿ ನಾನು ಬಿಗಿ. ಕಥಾಸಾರ ನಾಲ್ಕುನೂರು ಶಬ್ದ ದಾಟಬಾರದು. ಪರದೆಯ ಮೇಲೆ ಕಂಡದ್ದನ್ನಷ್ಟೇ ಹೇಳಬೇಕು. ‘ಮನಕಲಕುವ’ ಎಂಬ ಮಾತು ಕಂಡರೆ ನನ್ನ ಬೆರಳು ತಾನಾಗಿಯೇ ಅಳಿಸುವ ಗುಂಡಿಗೆ ಹೋಗುತ್ತದೆ. ಒಂದು ಕಂತಿಗೆ ಅದರದೇ ಪುಟ ಬೇಕೆಂದರೆ, ಆ ಕಂತಿನ ಬಗ್ಗೆ ಹೊರಗಿನವರು ಬರೆದ ಎರಡು ಬರಹಗಳಾದರೂ ಇರಬೇಕು. ಇಲ್ಲದಿದ್ದರೆ ಅದು ಧಾರಾವಾಹಿಯ ದೊಡ್ಡ ಪುಟದಲ್ಲಿ ಒಂದು ಸಾಲಾಗಿ ತೆಪ್ಪಗಿರಬೇಕು. ಯಾರು ಬರೆದರು, ಯಾರು ಹಾಡಿದರು ಎಂಬ ಹೆಸರುಗಳು ಕಂತಿನ ಕೊನೆಗೆ ಪರದೆಯ ಮೇಲೆ ಏರುವ ಪಟ್ಟಿಯಿಂದ ಬರಬೇಕು, ಇಲ್ಲವೇ ಅಚ್ಚಾದ ಕಾಗದದಿಂದ. ಬದುಕಿರುವವರ ಬಗ್ಗೆ ಆಧಾರವಿಲ್ಲದ ಮಾತು ಒಂದು ದಿನವೂ ನಿಲ್ಲಬಾರದು. “ಮನಿಯಾಗ ಉಪ್ಪು ಮುಗದೈತಿ ಅಂದ್ರೂ ಇವ್ರು ಆಧಾರ ಕೇಳ್ತಾರ” ಎಂದು ನನ್ನ ಹೆಂಡತಿ ಪಾರ್ವತಿನಗರದ ನಮ್ಮ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಆ ಧಾರಾವಾಹಿ ಬಂದು ಇಪ್ಪತ್ತು ವರ್ಷ ದಾಟಿದೆ. ಹದಿಮೂರು ಕಂತು, ಪ್ರತಿ ಕಂತಿಗೂ ಬೇರೆ ಊರು, ಬೇರೆ ಕಥೆ. ನಮ್ಮ ಗ್ರಂಥಾಲಯದ ಹಳೆಯ ವಾರಪತ್ರಿಕೆಗಳ ಗಂಟು ಬಿಚ್ಚಿ ಹುಡುಕಿದಾಗ ಒಂಬತ್ತನೆಯ ಕಂತಿಗೆ ಮಾತ್ರ ಎರಡು ವಿಮರ್ಶೆ ಸಿಕ್ಕಿದ್ದವು. ಸಿರುಗುಪ್ಪದ ಕಡೆಯ ಹಳ್ಳಿಯೊಂದರ ನೀರಗಂಟಿಯ ಕಥೆ ಅದು. ಕಾಲುವೆಯ ನೀರನ್ನು ಸರತಿಯಂತೆ ಎಲ್ಲರ ಹೊಲಕ್ಕೂ ತಿರುಗಿಸುವವನು ಅವನು. ಅವನ ಹೊಲ ಮಾತ್ರ ಕಾಲುವೆಯ ಕಟ್ಟಕಡೆಗಿದೆ. “ಎಲ್ಲಾರ ಹೊಲಕ್ಕೂ ಬಿಟ್ಟೆ. ನನ್ನ ಸರತಿ ಬರೂದ್ರಾಗ ಕಾಲುವಿ ಬತ್ತಿತ್ತು” ಎಂಬ ಅವನ ಮಾತನ್ನು ಇಬ್ಬರು ವಿಮರ್ಶಕರೂ ಎತ್ತಿ ಬರೆದು ಹೊಗಳಿದ್ದರು. ಮಾತು ಬರೆದವರು ಯಾರೆಂದು ಇಬ್ಬರೂ ಹೇಳಿರಲಿಲ್ಲ. ನೆಟ್ಟಿನಲ್ಲಿದ್ದ ಒಂದೇ ವಿಡಿಯೊ ಹೆಸರಿನ ಪಟ್ಟಿ ಬರುವ ಮೊದಲೇ ನಿಂತುಹೋಗುತ್ತಿತ್ತು. ನಿರ್ದೇಶಕರು ತೀರಿಕೊಂಡಿದ್ದರು. ಸಿಕ್ಕಷ್ಟರಲ್ಲೇ ಪುಟ ಕಟ್ಟಿದ್ದೆ. ಚಿತ್ರೀಕರಣ ರಾರಾವಿಯ ಹೊಳೆ ದಂಡೆಯಲ್ಲಿ ನಡೆಯಿತು ಎಂಬುದನ್ನೂ ಸೇರಿಸಿದ್ದೆ. ನಾನು ಮಾಡಿದ ಪುಟಗಳಲ್ಲಿ ಅದರ ಮೇಲೆ ನನಗೆ ಸ್ವಲ್ಪ ಹೆಚ್ಚಿನ ಅಭಿಮಾನವಿತ್ತು.

ಅಳಿಸಿದ ಸಾಲು ಮರುದಿನ ಮತ್ತೆ ಬಂತು. ಮತ್ತೆ ಅಳಿಸಿದೆ. ಮೂರನೆಯ ಸಲ ಅಳಿಸಿದ ಮೇಲೆ ಪುಟದ ಬೆನ್ನಿಗಿರುವ ಚರ್ಚಾಪುಟದಲ್ಲಿ ಒಂದು ಮಾತು ಕಾಣಿಸಿತು: ‘ಅವರು ನಮ್ಮ ತಂದೆ. ನಾನೇ ಆಧಾರ.’ ಇಂಥವಕ್ಕೆ ನನ್ನ ಬಳಿ ಸಿದ್ಧ ಉತ್ತರವಿರುತ್ತದೆ, ಅಂಟಿಸಿದರಾಯಿತು. ‘ಕ್ಷಮಿಸಿ, ಕುಟುಂಬದವರು ಆಧಾರವಾಗುವುದಿಲ್ಲ. ಅಚ್ಚಾದ ಉಲ್ಲೇಖ ಕೊಡಿ.’ ಅಂಟಿಸಿದೆ.

ನಾಲ್ಕನೆಯ ದಿನ ಅವರು ಉದ್ದಕ್ಕೆ ಬರೆದರು. ಸಿರುಗುಪ್ಪದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಂತೆ. ಆದರೂ ಶಾಲೆಯ ಕನ್ನಡ ಬಿಟ್ಟು ಮನೆಯ ಮಾತಿನಲ್ಲೇ ಬರೆದಿದ್ದರು. ‘ಸರ, ಎರಡು ದಿನ ಹೆಸರು ಇತ್ತು. ಅಬ್ಬಾ ಖುಷಿಯಿಂದ ಅಂಗಡಿ ಸಾಲಿನ ಮಂದಿಗೆಲ್ಲಾ ಹೇಳಿದ್ರು. ಅವ್ರು ಫೋನ್ ತಗದು ನೋಡಿದ್ರ ಹೆಸರ ಇಲ್ಲ. ಟೇಲರ್ ಮಾಸ್ತರ್, ನಿಮ್ಮ ಹೆಸರು ಇಲಿ ತಿಂತೇನು ಅಂತ ನಕ್ಕರು. ಅವತ್ತಿಂದ ಅಬ್ಬಾ ಹೊರಗ ಕುಂದ್ರೂದು ಬಿಟ್ಟಾರ. ಎದಿ ಬ್ಯಾನಿ ಐತಿ, ಭಾಳ ದಿನ ಇಲ್ಲ ಅಂತ ಡಾಕ್ಟರ್ ಹೇಳ್ಯಾರ. ಸುಳ್ಳ ಹೇಳ್ದೋರು ಅನ್ನಿಸ್ಕೊಂಡು ಹೋಗಬಾರ್ದು ಸರ ಅವ್ರು.’

ನಾನು ಅಳಿಸಿದ್ದು ಒಂದು ಸಾಲು ಎಂದುಕೊಂಡಿದ್ದೆ. ಅವರಿಂದ ವಿಳಾಸ ಕೇಳಿಕೊಂಡು ಆ ಭಾನುವಾರವೇ ಸಿರುಗುಪ್ಪದ ಬಸ್ಸು ಹತ್ತಿದೆ.

ತೆಕ್ಕಲಕೋಟೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಭತ್ತದ ಹಸಿರು. ಅವರ ಮನೆ ಅಕ್ಕಿ ಗಿರಣಿಯೊಂದರ ಹಿಂದಿನ ಓಣಿಯಲ್ಲಿತ್ತು. ಕಿಟಕಿಯ ಸರಳಿನ ಮೇಲೂ ತೌಡಿನ ಪುಡಿ. ಹಜಾರದ ಮಂಚದ ಮೇಲೆ ಮೂರು ದಿಂಬು ಒತ್ತಿಕೊಂಡು ಅವರು ಕೂತಿದ್ದರು. ಪಕ್ಕದಲ್ಲೇ ಹೊಲಿಗೆ ಯಂತ್ರ, ಮೇಲೆ ಒಂದು ಹಳೆಯ ಸೀರೆ ಹೊದಿಸಿತ್ತು.

“ಬರ್ರಿ ಸರ, ಕುಂದರ್ರಿ. ಹೆಸರು ಅಳಸೋ ಸಾಹೇಬ್ರು ನೀವ ಏನು?” ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಹೌದೆಂದು ತಲೆಯಾಡಿಸಿ ಕೂತೆ.

ಮಗಳು ಚಹಾ ತಂದಿಟ್ಟರು. ಅವರು ಉಸಿರು ತೆಗೆದುಕೊಳ್ಳಲು ನಡುನಡುವೆ ನಿಲ್ಲುತ್ತ ಹೇಳಿದರು. “ಶೂಟಿಂಗ್ ಹಚ್ಚೊಳ್ಳಿ ಊರಾಗ ಆತು ಸರ. ಬಟ್ಟಿ ಹೊಲಿಯಾಕ ನನ್ನ ಕರದಿದ್ರು. ನೀರಗಂಟಿ ವೇಷದಾಂವ ‘ನಾನು ಎಲ್ಲರಿಗೂ ನೀರು ಹರಿಸಿದ್ದೇನೆ’ ಅಂತ ಅಂದ. ನನಗ ನಗು ಬಂತು. ನಮ್ಮ ಕಡಿ ನೀರಗಂಟಿ ಹಿಂಗ ಮಾತಾಡಿದ್ರ ಮಂದಿ ಕಾಲುವ್ಯಾಗ ನೂಕ್ತಾರಂತ ಅಂದೆ. ಡೈರೆಕ್ಟ್ರು ಕೇಳಿಸ್ಕೊಂಡ್ರು. ಹಂಗಾರ ಹೆಂಗ ಮಾತಾಡ್ತಾನ ಬರಕೊಡ್ರಿ ಮಾಸ್ತರ್ ಅಂದ್ರು. ನಾಕು ದಿನ ಕುಂತು ಬರದೆ.”

ಬರೆದದ್ದು ಎಲ್ಲಿ? ಕಾಗದವಿರಲಿಲ್ಲವಂತೆ, ಅಳತೆ ಪುಸ್ತಕದಲ್ಲೇ ಬರೆದಿದ್ದರು. ಮಗಳು ಉದ್ದನೆಯ ಪುಸ್ತಕವೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟರು. ಎಡಪುಟದಲ್ಲಿ ಎದೆ, ಸೊಂಟ, ತೋಳಿನ ಅಳತೆಗಳು. ಬಲಪುಟದಲ್ಲಿ ಸಂಭಾಷಣೆ. ನೀರಗಂಟಿಯ ಪಾತ್ರದವನ ಅಳತೆಯ ಎದುರಿಗೇ ಆ ಮಾತಿತ್ತು. ಮೊದಲು ‘ನನ್ನ ಪಾಳಿ’ ಎಂದು ಬರೆದು, ಹೊಡೆದುಹಾಕಿ, ‘ಸರತಿ’ ಮಾಡಿದ್ದರು. ಹೀಗೆ ಹೊಡೆದು ತಿದ್ದುವವನು ನಕಲು ಮಾಡಿದವನಲ್ಲ. ನನಗೆ ಯಾವ ಅನುಮಾನವೂ ಉಳಿಯಲಿಲ್ಲ. ಆದರೆ ಅಳತೆ ಪುಸ್ತಕ ಎಲ್ಲೂ ಅಚ್ಚಾದದ್ದಲ್ಲ. ನಮ್ಮ ನಿಯಮದಲ್ಲಿ ಅದಕ್ಕೆ ಬೆಲೆಯಿಲ್ಲ. ಅದನ್ನು ಅವರ ಮುಂದೆಯೇ ಹೇಳಿದೆ.

“ಕಂತಿನ ಕಡೀಗೆ ಹೆಸರು ಬಂದಿತ್ತೇನ್ರಿ?” ಎಂದು ಕೇಳಿದೆ.

“ಬಂದಿತ್ತು ಸರ. ಕಣ್ಣಾರೆ ನೋಡೀನಿ. ಸಣ್ಣ ಅಕ್ಷರದಾಗ, ಬಂತು, ಹೋತು.”

ಹೊರಡಲು ಎದ್ದಾಗ ಅವರು ನನ್ನನ್ನೇ ದಿಟ್ಟಿಸುತ್ತಿದ್ದರು. “ರೆಡಿಮೇಡ್ ಅಂಗಿ ಹಾಕ್ಕೊಂಡೀರಿ. ನಿಮ್ಮ ಎಡಗಡಿ ಭುಜ ಇಳದೈತಿ ಸರ. ಚೀಲ ಹೊತ್ತು ಹಂಗಾಗೈತಿ. ಅದಕ್ಕ ಕಾಲರ್ ಒಂದ ಕಡಿ ಎಳೀತೈತಿ” ಎಂದರು. ನಾನು ನಕ್ಕು ಕೈಮುಗಿದೆ.

ಬಸ್ಸಿನಲ್ಲಿ ಕೂತ ಮೇಲೆ ಅವರು ಹೇಳಿದ ಹಚ್ಚೊಳ್ಳಿ ನೆನಪಾಯಿತು. ಪುಟದಲ್ಲಿ ನಾನು ರಾರಾವಿ ಎಂದು ಬರೆದಿದ್ದೆ. ಅದಕ್ಕೆ ಏನು ಆಧಾರ? ಏನೂ ಇರಲಿಲ್ಲ. ಕೊನೆಯ ದೃಶ್ಯದ ನೀರಿನ ದಂಡೆ, ಚಿಕ್ಕಂದಿನಲ್ಲಿ ಸೋದರಮಾವನ ಜೊತೆ ನಾನು ಈಜಲು ಹೋಗುತ್ತಿದ್ದ ಜಾಗದಂತೆ ಕಂಡಿತ್ತು, ಬರೆದುಬಿಟ್ಟಿದ್ದೆ. ನಾಲ್ಕು ವರ್ಷ ಯಾರೂ ಕೇಳಲಿಲ್ಲ, ಕೇಳಬೇಕಾದವನು ನಾನೇ ಆಗಿದ್ದೆನಲ್ಲ. ಇನ್ನೊಂದು ನಾಚಿಕೆಗೇಡನ್ನೂ ಹೇಳುತ್ತೇನೆ: ಮನೆಗೆ ಬಂದು ಅದನ್ನು ತಿದ್ದಲಿಲ್ಲ. ಹಚ್ಚೊಳ್ಳಿ ಎಂದು ಬರೆಯಲು ದರ್ಜಿಯ ಬಾಯಿಮಾತಲ್ಲದೆ ಬೇರೆ ಆಧಾರವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸುಮ್ಮನೆ ರಾರಾವಿಯನ್ನಾದರೂ ತೆಗೆಯಬಹುದಿತ್ತು, ಅದನ್ನೂ ಮಾಡಲಿಲ್ಲ.

ಕೊನೆಯ ಪಟ್ಟಿ ಇರುವ ಒಂದು ಪ್ರತಿ ಸಿಕ್ಕರೆ ಸಾಕಿತ್ತು. ಕುರುಗೋಡಿನಲ್ಲಿ ಆ ಕಾಲಕ್ಕೆ ಕೇಬಲ್ ನಡೆಸುತ್ತಿದ್ದವರು ಒಳ್ಳೆಯ ಧಾರಾವಾಹಿಗಳನ್ನು ಟೇಪಿನಲ್ಲಿ ಹಿಡಿದಿಟ್ಟುಕೊಂಡು ಊರಿಗೆ ಮತ್ತೆ ತೋರಿಸುತ್ತಿದ್ದರು ಎಂದು ಮಗಳು ಪತ್ತೆ ಹಚ್ಚಿದರು. ಮುಂದಿನ ಭಾನುವಾರ ಅವರು ಸಿರುಗುಪ್ಪದಿಂದ, ನಾನು ಬಳ್ಳಾರಿಯಿಂದ ಕುರುಗೋಡಿಗೆ ಹೋದೆವು.

ಕೇಬಲ್ಲಿನವರು ಈಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಬಂದ ಕಾರಣ ಕೇಳಿ ಅವರ ಮುಖ ಅರಳಿತು. “ಹದಿಮೂರೂ ಅದಾವ್ರಿ! ಒಂದೂ ಕಳದಿಲ್ಲ” ಎಂದು ಅಟ್ಟದಿಂದ ಗೋಣಿಚೀಲ ಇಳಿಸಿದರು. ಪ್ರತಿ ಟೇಪಿನ ಬೆನ್ನಿಗೂ ನೀಲಿ ಶಾಯಿಯಲ್ಲಿ ಕಂತಿನ ಸಂಖ್ಯೆ. ಇಂಥ ಮನುಷ್ಯ ನನ್ನ ಗ್ರಂಥಾಲಯದಲ್ಲಿರಬೇಕಿತ್ತು ಅನ್ನಿಸಿತು. ವಿಸಿಆರ್ ಬಿಚ್ಚಿ, ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ಡು ಒರೆಸಿದರು. ಎರಡು ಸಲ ಟೇಪು ಸಿಕ್ಕಿಕೊಂಡಿತು. ಬೆರಳು ಹಾಕಿ ಸುತ್ತಿ ಸರಿಮಾಡಿದರು. ಮೂರನೆಯ ಸಲಕ್ಕೆ ಚಿತ್ರ ಬಂತು.

ಮೂವರೂ ಸ್ಟೂಲುಗಳ ಮೇಲೆ ಕೂತು ಇಡೀ ಕಂತು ನೋಡಿದೆವು. ತಂದೆಯ ಮಾತುಗಳು ಬರುವ ಮೊದಲೇ ಮಗಳ ತುಟಿ ಅಲುಗುತ್ತಿತ್ತು, ಆಕೆಗೆ ಅಷ್ಟೂ ಬಾಯಿಪಾಠ. ಕೊನೆಗೆ ನೀರಗಂಟಿ ಸಲಿಕೆ ಹೆಗಲಿಗೇರಿಸಿ ದಂಡೆಯ ಮೇಲೆ ನಡೆದುಹೋದ. ಸಂಗೀತ ಏರಿತು. ‘ತಾರಾಗಣ’ ಎಂಬ ಪದ ಕಪ್ಪು ಪರದೆಯ ಮೇಲೆ ಮೂಡಿತು. ನಾನು ಪೆನ್ನು ತೆಗೆದೆ. ಅಷ್ಟರಲ್ಲಿ ಚಿತ್ರ ಕದಡಿ, ಯಾವುದೋ ಮದುವೆಯ ಬ್ಯಾಂಡು ಶುರುವಾಯಿತು.

“ಮುಂದಿಂದು?” ಎಂದೆ.

“ಮುಂದ ಏನಿಲ್ರಿ, ಬರೇ ಹೆಸರು. ಹೆಸರು ಬರಾಕ ಹತ್ತಿದ ಕೂಡ್ಲೆ ಗುಂಡಿ ಒತ್ತಿ ನಿಲ್ಲಸ್ತಿದ್ದೆ. ಟೇಪು ಉಳೀತಿತ್ತು. ಹೆಸರು ಯಾರು ನೋಡ್ತಾರ್ರಿ?” ಎಂದರು. ನಮ್ಮ ಮುಖ ನೋಡಿ, ನಮಗೆ ಅನುಮಾನ ಬಂದಿದೆ ಎಂದುಕೊಂಡು ಇನ್ನಷ್ಟು ಹೆಮ್ಮೆಯಿಂದ ಹೇಳಿದರು: “ಹದಿಮೂರೂ ಹಂಗ ಮಾಡೀನಿ. ಒಂದ್ರಾಗೂ ಹೆಸರಿನ ಕಸ ಬಿಟ್ಟಿಲ್ಲ, ಎಲ್ಲಾ ಕ್ಲೀನ್.”

ಅವರನ್ನು ಬೈಯುವ ಹಾಗಿರಲಿಲ್ಲ. ಕಟ್ಟುನಿಟ್ಟಿನ ಮನುಷ್ಯ, ತನ್ನ ಕೆಲಸ ತಾನು ಅಚ್ಚುಕಟ್ಟಾಗಿ ಮಾಡಿದ್ದರು. ಅವರ ಮುಖದಲ್ಲಿ ನನಗೆ ನನ್ನದೇ ಮುಖ ಕಂಡು ಸಂಕಟವಾಯಿತು.

ಬಸ್ ನಿಲ್ದಾಣದಲ್ಲಿ ಮಗಳು ಫೋನಿನಲ್ಲಿ ವಿಶ್ವಕೋಶದ ಬೇರೆ ಪುಟಗಳನ್ನು ತೆರೆದು ನೋಡಿದರು. ಆಮೇಲೆ ಕೇಳಿದರು. “ಸರ, ಕೆಲವು ಪುಟದಾಗ ಸಾಲಿನ ಮುಂದ ‘ಆಧಾರ ಬೇಕಾಗಿದೆ’ ಅಂತ ಹಾಕಿರ್ತಾರಲ್ರಿ. ಸಾಲು ಹಂಗ ಇರತೈತಿ. ಅಬ್ಬಾನ ಹೆಸರಿಗೂ ಹಂಗ ಹಾಕ್ರಿ. ಭಾಳ ದಿನ ಬ್ಯಾಡ. ಅವ್ರು ಇರೂತನಕ.”

ಹಾಗೆ ಮಾಡಬಹುದಿತ್ತು. ಎಷ್ಟೋ ಪುಟಗಳಲ್ಲಿ ಆ ಚೀಟಿ ಅಂಟಿಸಿಕೊಂಡ ಸಾಲುಗಳು ವರ್ಷಗಟ್ಟಲೆ ಕೂತಿವೆ. ಆದರೆ ಬದುಕಿರುವ ವ್ಯಕ್ತಿಯ ವಿಷಯಕ್ಕೆ ಆ ಚೀಟಿ ಸಲ್ಲದು ಎಂದು ನಾನೇ ಹತ್ತು ಜನರೊಡನೆ ವಾದ ಮಾಡಿ ಗೆದ್ದಿದ್ದೆ. ಈಗ ನನಗೆ ಪರಿಚಯವಾದ ಮನೆಗೊಂದು ನ್ಯಾಯ, ಉಳಿದವರಿಗೊಂದು ನ್ಯಾಯವೇ? “ಚಾನೆಲ್ಲಿನವರಿಗೆ ಪತ್ರ ಬರೀತೀನಮ್ಮ. ಅವರ ಹತ್ರ ಮೂಲ ಪ್ರತಿ ಇರತೈತಿ. ಸ್ವಲ್ಪ ದಿನ ತಡೀರಿ” ಎಂದೆ.

“ತಡಿಯಾಕ ನಾನು ತಯಾರ ಅದೀನಿ ಸರ” ಎಂದಷ್ಟೇ ಹೇಳಿ ಅವರು ಬಸ್ಸು ಹತ್ತಿದರು.

ಇದೇ ನಾನು ಮಾಡಿದ ತೀರ್ಮಾನ. ಆಗ ಅದು ನ್ಯಾಯವಾಗಿಯೇ ಕಂಡಿತ್ತು, ಬಳ್ಳಾರಿ ಬರುವವರೆಗೂ ಅದನ್ನು ಸಮರ್ಥಿಸಿಕೊಳ್ಳುತ್ತಲೇ ಬಂದೆ.

ಚಾನೆಲ್ಲಿಗೆ ಬರೆದೆ. ಮತ್ತೆ ಬರೆದೆ. ಫೋನು ಮಾಡಿದರೆ ಒಬ್ಬರು ಇನ್ನೊಬ್ಬರ ನಂಬರು ಕೊಟ್ಟರು. ಆರನೆಯ ವಾರ ಎರಡು ಸಾಲಿನ ಉತ್ತರ ಬಂತು: ಆ ಕಾಲದ ಟೇಪುಗಳನ್ನು ಒರೆಸಿ ಬೇರೆ ಕಾರ್ಯಕ್ರಮಗಳಿಗೆ ಬಳಸಲಾಗಿದೆ, ಪ್ರತಿ ಲಭ್ಯವಿಲ್ಲ. ಇದನ್ನು ಮಗಳಿಗೆ ಹೇಗೆ ತಿಳಿಸುವುದೆಂದು ಎರಡು ದಿನ ತಳ್ಳಿದೆ. ಮೂರನೆಯ ದಿನ ಅವರಿಂದಲೇ ಸುದ್ದಿ ಬಂತು. ಅಬ್ಬಾ ಹೋದರು, ಬೆಳಿಗ್ಗೆ ಚಹಾ ಕುಡಿದು ಒರಗಿದವರು ಏಳಲಿಲ್ಲ.

ಗ್ರಂಥಾಲಯದಲ್ಲಿ ಪತ್ರಿಕೆಗಳನ್ನು ಕೋಲಿಗೆ ಕಟ್ಟುವುದು ನನ್ನದೇ ಕೆಲಸ. ಎರಡು ದಿನದ ನಂತರ ಜಿಲ್ಲೆಯ ಪತ್ರಿಕೆಯೊಂದನ್ನು ಕಟ್ಟುವಾಗ ಒಳಪುಟದಲ್ಲಿ ಅವರ ಚಿತ್ರ ಕಂಡಿತು. ‘ಸಂಭಾಷಣೆಕಾರ ದರ್ಜಿ ನಿಧನ’ ಎಂಬ ತಲೆಬರಹ. ಆ ಧಾರಾವಾಹಿಯ ಒಂಬತ್ತನೆಯ ಕಂತಿಗೆ ಸಂಭಾಷಣೆ ಬರೆದವರು ಎಂದು ಸ್ಪಷ್ಟವಾಗಿತ್ತು. ಅಚ್ಚಾದ ಉಲ್ಲೇಖ. ಎರಡು ತಿಂಗಳು ಹುಡುಕಿದ್ದು ತಾನಾಗಿ ಕೈಗೆ ಬಂದಿತ್ತು, ಬರಲು ಅವರು ಸಾಯಬೇಕಾಗಿತ್ತು.

ಮುಂದಿನ ಸಾಲು ಓದಿದೆ. ‘ರಾರಾವಿಯ ಹೊಳೆ ದಂಡೆಯಲ್ಲಿ ಚಿತ್ರೀಕರಣಗೊಂಡ ಈ ಕಂತು...’

ರಾರಾವಿ ಎಂದು ಜಗತ್ತಿನಲ್ಲಿ ಹೇಳಿದವನು ನಾನೊಬ್ಬನೇ. ವರದಿಗಾರರಿಗೆ ಫೋನು ಮಾಡಿದೆ. “ನಿಮ್ಮ ವಿಶ್ವಕೋಶದ ಪುಟದ ಫೋಟೊ ಕೊಟ್ಟಿದ್ರು ಸರ ಅವ್ರ ಮಗಳು, ಫೋನಿನ್ಯಾಗ ತಗದಿಟ್ಟಿದ್ರು. ಅದನ್ನ ನೋಡಿ ಬರದೆ. ಯಾಕ್ರಿ, ತಪ್ಪೈತೇನು?” ಎಂದರು. ಹೆಸರು ಪುಟದಲ್ಲಿದ್ದ ಆ ಎರಡು ದಿನಗಳ ಫೋಟೊ. ನಾನು ಆಧಾರವಿಲ್ಲವೆಂದು ಅಳಿಸಿದ ಸಾಲು, ಆಧಾರವಿಲ್ಲದ ನನ್ನದೇ ಸಾಲಿನ ಜೊತೆ ಅಚ್ಚಿಗೆ ಹೋಗಿ ಬಂದಿತ್ತು. ನಮ್ಮ ಪುಟದಿಂದ ಎತ್ತಿ ಬರೆದದ್ದನ್ನು ನಮ್ಮ ಪುಟಕ್ಕೇ ಆಧಾರವೆಂದು ತರಬಾರದು. ಇದು ನಮ್ಮ ನಿಯಮಗಳಲ್ಲೆಲ್ಲ ಗಟ್ಟಿಯಾದದ್ದು.

ನಾನು ಪುಟ ತೆರೆಯುವಷ್ಟರಲ್ಲಿ ಇನ್ನೊಬ್ಬ ಸಂಪಾದಕರು ಆ ಪತ್ರಿಕೆಯ ಉಲ್ಲೇಖ ಕೊಟ್ಟು ಹೆಸರು ಸೇರಿಸಿಯಾಗಿತ್ತು. ‘ಕೊನೆಗೂ ಆಧಾರ ಸಿಕ್ಕಿತು’ ಎಂದು ಕಾರಣ ಬರೆದಿದ್ದರು. ನಾನು ರಾರಾವಿಯ ಸಾಲನ್ನು ಅಳಿಸಿದೆ. ಕಾರಣದ ಜಾಗದಲ್ಲಿ ‘ಆಧಾರವಿಲ್ಲ. ಬರೆದವನು ನಾನೇ’ ಎಂದು ಹಾಕಿದೆ. ಹೆಸರನ್ನು ಮುಟ್ಟಲಿಲ್ಲ. ಅದು ನಿಯಮಕ್ಕೆ ತಪ್ಪು, ನನಗೆ ಗೊತ್ತು. ಈ ಬರಹದಲ್ಲಿ ಯಾರ ಹೆಸರನ್ನೂ ಹೇಳದಿರುವುದೂ ಅದಕ್ಕೇ. ಇದನ್ನೂ ಒಂದು ದಿನ ಯಾರಾದರೂ ಆಧಾರವೆಂದು ಅಂಟಿಸಿಯಾರು.

ಅವರ ಸಾವಿನ ನಲವತ್ತನೆಯ ದಿನದ ಕಾರ್ಯ ಕಳೆದ ಮೇಲೆ ಸಿರುಗುಪ್ಪಕ್ಕೆ ಹೋದೆ. ಮಂಚ ಎತ್ತಿದ್ದರು. ಫೋನಿನಲ್ಲಿ ಪುಟ ತೆರೆದು ಮಗಳ ಕೈಗೆ ಕೊಟ್ಟೆ. ಅವರು ಹೆಸರಿನ ಮೇಲೆ ಬೆರಳಿಟ್ಟು ಒಂದು ಸಲ ಓದಿದರು.

“ಈಗ ಯಾರಿಗೆ ತೋರಿಸ್ಲಿ ಸರ?” ಎಂದರು.

ತಪ್ಪಾಯಿತಮ್ಮ ಎಂದೆ. ಅವತ್ತು ಕುರುಗೋಡಿನಲ್ಲಿ ನೀವು ಕೇಳಿದಂತೆ ಮಾಡಬೇಕಿತ್ತು ಎಂದೆ. ಅವರು ಒಳಗೆ ಹೋಗಿ ಅಳತೆ ಪುಸ್ತಕ ತಂದರು, ಕೊನೆಗೆ ಬರೆದ ಪುಟ ತೆರೆದರು.

“ನೀವು ಹೋದ ಮ್ಯಾಲೆ ಬರದ್ರು. ಆರಾಮಾದ ಮ್ಯಾಲೆ ಒಂದು ಅಂಗಿ ಹೊಲಕೊಡ್ತೀನಿ, ಪಾಪ ಅಷ್ಟು ದೂರದಿಂದ ಬಂದಿದ್ರು ಅಂದ್ರು.”

ನಡುಗುವ ಅಕ್ಷರದಲ್ಲಿ ಮೇಲೆ ನನ್ನ ಹೆಸರಿತ್ತು. ಕೆಳಗೆ ಎದೆ, ಭುಜ, ತೋಳು, ಉದ್ದ. ಕೊನೆಗೆ ‘ಎಡ ಭುಜ ಅರ್ಧ ಇಂಚು ಇಳುವು’. ಆ ದಿನ ಅವರು ನನಗೆ ಅಳತೆ ಟೇಪು ಹಿಡಿದಿರಲಿಲ್ಲ, ಮಂಚದಿಂದ ಎದ್ದೇ ಇರಲಿಲ್ಲ. ಮಗಳು ಆ ಹಾಳೆಯನ್ನು ಅಂಚಿಗೆ ಸರಿಯಾಗಿ ಹರಿದು, ಮಡಚಿ ನನಗೆ ಕೊಟ್ಟರು.

ತಿಂಗಳ ನಂತರ ಬಟ್ಟೆ ತೆಗೆದುಕೊಂಡು ಪಾರ್ವತಿನಗರದ ದರ್ಜಿಯ ಬಳಿ ಹೋದೆ. ಹಾಳೆ ಕೊಟ್ಟೆ. ಆತ ಬೇರೆಯವರ ಅಳತೆ ನಂಬುವವನಲ್ಲ. ಟೇಪು ತೆಗೆದು ಎದೆ ನೋಡಿದ, ತೋಳು ನೋಡಿದ, ಎರಡೂ ಭುಜ ಎರಡೆರಡು ಸಲ ನೋಡಿದ. ಪ್ರತಿ ಸಲವೂ ಹಾಳೆಯತ್ತ ಕಣ್ಣು ಹಾಯಿಸುತ್ತಿದ್ದ.

“ಎಲ್ಲಾ ಬರೋಬ್ಬರಿ ಐತ್ರಿ. ಭುಜದ್ದೂ ಖರೇ ಐತಿ” ಎಂದ. “ಯಾರ್ರಿ ಈ ಅಳತಿ ತೊಗೊಂಡೋರು?”

ನಾನು ಅವರ ಹೆಸರು ಹೇಳಿದೆ.